ಲೈನರ್ ಹಾಕಿಸಿದ ಮೇಲೆ ಬ್ರೇಕ್ ಪೆಡಲ್ ಕೆಳಗೆ ಹೋಗ್ತಾ ಇದೆ, ಮನೆಯಲ್ಲೇ ಏರ್ ತೆಗೆಯಬಹುದಾ?

ಪ್ರಶ್ನೆ: ನಾನು ಕಲಬುರಗಿಯ ಸೇಡಂ ರಸ್ತೆ ಕಡೆ ಇರುವ ಶಾಲಾ ಶಿಕ್ಷಕಿ. ನಮ್ಮದು 2013ರ ಸಣ್ಣ ಪೆಟ್ರೋಲ್ ಕಾರು. ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. 82,000 ಕಿ.ಮೀ. ಓಡಿದೆ. ಹೋದ ತಿಂಗಳು ಹಿಂದಿನ ಎರಡೂ ಚಕ್ರಕ್ಕೆ ಹೊಸ ಲೈನರ್ (ಡ್ರಮ್ ಒಳಗೆ ಉಜ್ಜುವ ಬ್ರೇಕ್ ಪಟ್ಟಿ) ಹಾಕಿಸಿದೆವು. ಆಗಿನಿಂದ ಮೊದಲ ಸಲ ಬ್ರೇಕ್ ಒತ್ತಿದರೆ ಪೆಡಲ್ ಬಹಳ ಕೆಳಗೆ ಹೋಗುತ್ತದೆ. ಎರಡನೇ ಸಲ ಒತ್ತಿದರೆ ಮೇಲೆ ನಿಲ್ಲುತ್ತದೆ. ಮಿಸ್ತ್ರಿ ಬ್ರೇಕ್ ಪೈಪಿನಲ್ಲಿ ಏರ್ (ಗಾಳಿ) ಹಿಡಿದಿದೆ ಅಂತ ಒಮ್ಮೆ ತೆಗೆದುಕೊಟ್ಟರು. ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ನಮ್ಮ ಭಾವ, ‘ವಿಡಿಯೋ ನೋಡಿ ಮನೆಯಲ್ಲೇ ಏರ್ ತೆಗೆಯೋಣ, ಇಬ್ಬರು ಸಾಕು’ ಅನ್ನುತ್ತಾರೆ. ಪಕ್ಕದ ಮನೆಯವರು, ‘ಕಲಬುರಗಿ ಬಿಸಿಲಿಗೆ ಆಯಿಲ್ ತೆಳುವಾಗಿದೆ, ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ’ ಅನ್ನುತ್ತಾರೆ. ಮನೆಯಲ್ಲಿ ಎರಡು ವರ್ಷದ ಹಿಂದಿನ ಅರ್ಧ ಡಬ್ಬಿ ಬ್ರೇಕ್ ಆಯಿಲ್ ಇದೆ. ಯುಗಾದಿಗೆ ಶ್ರೀಶೈಲಕ್ಕೆ ಹೋಗಬೇಕು. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಪಕ್ಕದ ಮನೆಯವರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದು ತುರ್ತು. ಎಂಜಿನ್ ಆಯಿಲ್ ಒಂದು ಹನಿಯೂ ಹಾಕಬೇಡಿ. ಬ್ರೇಕ್ ಆಯಿಲ್ ಹೆಸರಿಗೆ ಮಾತ್ರ ಆಯಿಲ್. ಅದು ಎಣ್ಣೆಯೇ ಅಲ್ಲ, ನೀರಿನಲ್ಲಿ ಬೆರೆಯುವ ಗ್ಲೈಕಾಲ್ ಜಾತಿಯ ದ್ರವ. ಬ್ರೇಕಿನ ಒಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್‌ಗಳನ್ನು ಈ ದ್ರವಕ್ಕೆ ಹೊಂದುವ ಹಾಗೆ ಮಾಡಿರುತ್ತಾರೆ. ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್, ಗ್ರೀಸ್ ಯಾವುದು ತಾಗಿದರೂ ಆ ರಬ್ಬರ್ ಊದಿ ಮೆತ್ತಗಾಗುತ್ತದೆ. ಆಮೇಲೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ಹಿಡಿದು ನಾಲ್ಕು ಚಕ್ರದ ತನಕ ಇರುವ ರಬ್ಬರ್ ಎಲ್ಲಾ ಬದಲಿಸಬೇಕಾಗುತ್ತದೆ. ಈಗಾಗಲೇ ಹಾಕಿದ್ದರೆ ಕಾರು ಸ್ಟಾರ್ಟ್ ಮಾಡಬೇಡಿ, ಪೆಡಲ್ ಕೂಡ ಒತ್ತಬೇಡಿ. ಬೇರೆ ಗಾಡಿಯ ಮೇಲೆ ಹೇರಿಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ಇನ್ನು ಬಿಸಿಲಿನ ಮಾತು. ಮೇ ತಿಂಗಳಲ್ಲಿ ನಮ್ಮೂರು 42-43 ಡಿಗ್ರಿ ಮುಟ್ಟುತ್ತದೆ, ನಿಜ. ಆದರೆ ಬ್ರೇಕ್ ಆಯಿಲ್‌ನ ದರ್ಜೆಗಳಲ್ಲಿ ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ಡಾಟ್ 4 ಆದರೆ 230. ಬಿಸಿಲು ಎಷ್ಟೇ ಕಾದರೂ ಅದಕ್ಕೆ ಏನೂ ಆಗುವುದಿಲ್ಲ. ಆಯಿಲ್ ಕೆಡುವುದು ನೀರಿನಿಂದ. ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಬಾನೆಟ್ ಒಳಗಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಗಾಳಿತೂತಿನಿಂದ, ರಬ್ಬರ್ ಪೈಪಿನ ಮೈಯಿಂದ ವರ್ಷಗಟ್ಟಲೆ ಒಳಗೆ ಬರುತ್ತದೆ. ನೂರಕ್ಕೆ 3.7 ಪಾಲು ನೀರು ಸೇರಿದಾಗ ಡಾಟ್ 3ರ ಕುದಿಯುವ ಮಟ್ಟ 140ಕ್ಕೆ, ಡಾಟ್ 4ರದು 155ಕ್ಕೆ ಇಳಿದಿರಬಹುದು. ‘ನಮ್ಮದು ಒಣ ಊರು, ಇಲ್ಲಿ ತೇವ ಎಲ್ಲಿದೆ’ ಅಂತ ಕೆಲವರು ಕೇಳುತ್ತಾರೆ. ಮಳೆಗಾಲದ ನಾಲ್ಕು ತಿಂಗಳೂ ನಮ್ಮಲ್ಲಿ ಇದೆ ಅಲ್ವಾ. ಹೀರಿದ ನೀರು ಬೇಸಿಗೆ ಬಂದ ಕೂಡಲೇ ಆವಿಯಾಗಿ ಹೊರಗೆ ಹೋಗುವುದಿಲ್ಲ.

ಅದಕ್ಕೇ ನಿಮ್ಮ ಶ್ರೀಶೈಲದ ಪ್ರಯಾಣ ನನಗೆ ಮುಖ್ಯವಾಗಿ ಕಂಡಿತು. ನಮ್ಮ ಕಡೆ ನೆಲ ಸಮತಟ್ಟು. ಜೇವರ್ಗಿ ರಸ್ತೆ, ಆಳಂದ ರಸ್ತೆ, ಎತ್ತ ಹೋದರೂ ಬ್ರೇಕ್ ಅಷ್ಟಾಗಿ ಕಾಯುವುದೇ ಇಲ್ಲ. ಹಾಗಾಗಿ ಹತ್ತು ವರ್ಷದ ಹಳೆ ಆಯಿಲ್ ಇದ್ದರೂ ದೋಷ ತೋರಿಸದೆ ಸುಮ್ಮನೆ ಇದ್ದುಬಿಡುತ್ತದೆ. ಅದೇ ಕಾರು ನಲ್ಲಮಲೆ ಕಾಡಿನ ಘಾಟಿಗೆ ಹೋಗಲಿ. ಕೃಷ್ಣೆಯ ಕಣಿವೆಗೆ ಇಳಿಯುವ ತಿರುವುಗಳಲ್ಲಿ, ಕಾರು ತುಂಬಾ ಜನ ಕೂತಾಗ, ಡಿಸ್ಕ್ ಕೆಲವು ನೂರು ಡಿಗ್ರಿ ಕಾಯುತ್ತದೆ. ಆ ಬಿಸಿ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಒಳಗಿನ ಆಯಿಲ್‌ಗೆ ಮುಟ್ಟಿ, ಅದರಲ್ಲಿರುವ ನೀರು ಕುದ್ದು ಆವಿಯಾಯಿತು ಅಂದರೆ ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುತ್ತದೆ. ಅರ್ಧ ಗಂಟೆ ನಿಲ್ಲಿಸಿ ತಣ್ಣಗಾದ ಮೇಲೆ ಪೆಡಲ್ ಮತ್ತೆ ಸರಿಯಾಗುತ್ತದೆ. ‘ಏನೋ ಆಗಿತ್ತು, ಈಗ ಸರಿ ಹೋಯ್ತು’ ಅಂದುಕೊಂಡು ಜನ ಮುಂದೆ ಹೊರಡುತ್ತಾರೆ. ಇದಕ್ಕಿಂತ ಅಪಾಯದ ಸಮಾಧಾನ ಇನ್ನೊಂದಿಲ್ಲ.

ಈಗ ನಿಮ್ಮ ಪೆಡಲ್‌ಗೆ ಬರೋಣ. ಪೆಡಲ್ ಮೆತ್ತಗಾದರೆ ಎಲ್ಲರೂ ‘ಏರ್’ ಅನ್ನುತ್ತಾರೆ. ನಾನು ಈ ಕೆಲಸಕ್ಕೆ ಬಂದ ಮೊದಲ ವರ್ಷಗಳಲ್ಲಿ ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಬ್ರೇಕ್ ಲೈನ್ ಅಂದರೆ ಮುಚ್ಚಿದ ಕೊಳವೆ. ಅದರೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ಯಾರಾದರೂ ಬಿಚ್ಚಿರಬೇಕು, ಆಯಿಲ್ ಪೂರ್ತಿ ಇಳಿದಿರಬೇಕು, ಕುದ್ದಿರಬೇಕು, ಇಲ್ಲವೇ ಎಲ್ಲೋ ರಬ್ಬರ್ ಹೋಗಿರಬೇಕು. ಗಾಳಿ ಎಲ್ಲಿಂದ ಬಂತು ಅಂತ ಹುಡುಕದೆ ಬರೀ ಗಾಳಿ ತೆಗೆದರೆ ವಾರಕ್ಕೊಮ್ಮೆ ತೆಗೆಯುತ್ತಲೇ ಇರಬೇಕು. ನಿಮಗೆ ಆಗಿರುವುದೂ ಅದೇ ಇರಬೇಕು.

ಬರೀ ಲೈನರ್ ಬದಲಿಸಲು ಆಯಿಲ್ ಲೈನ್ ಬಿಚ್ಚುವ ಅಗತ್ಯವೇ ಇಲ್ಲ. ಹಾಗಾದರೆ ಗಾಳಿ ಹೇಗೆ ಹೋಯಿತು? ನಾನು ಬಹಳ ಸಲ ಕಂಡ ಕಾರಣ ಒಂದಿದೆ. ಡ್ರಮ್ ಬಿಚ್ಚಿಟ್ಟಿರುವಾಗ ಯಾರೋ ಒಳಗೆ ಕೂತು ಪೆಡಲ್ ಒತ್ತುತ್ತಾರೆ. ತಡೆಯಲು ಡ್ರಮ್ ಇಲ್ಲ, ಹಾಗಾಗಿ ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್‌ನ ಪಿಸ್ಟನ್ ಹೊರಗೆ ಜಾರುತ್ತದೆ. ಆಯಿಲ್ ಚೆಲ್ಲುತ್ತದೆ. ಹುಡುಗರು ಪಿಸ್ಟನ್ ಒರೆಸಿ ಮತ್ತೆ ಒಳಗೆ ತಳ್ಳುತ್ತಾರೆ. ಆಗ ಗಾಳಿಯ ಜೊತೆ ಲೈನರ್‌ನ ಧೂಳೂ ಒಳಗೆ ಹೋಗುತ್ತದೆ. ರಬ್ಬರ್ ಕಪ್‌ನ ಅಂಚಿಗೆ ಒಂದು ಗೀರು ಬಿದ್ದರೆ ಸಾಕು. ಪೆಡಲ್ ಒತ್ತಿದಾಗ ಆಯಿಲ್ ಸೋರದಿದ್ದರೂ, ಬಿಟ್ಟಾಗ ಅಲ್ಲಿಂದ ಒಂದಿಷ್ಟು ಗಾಳಿ ಎಳೆದುಕೊಳ್ಳುತ್ತದೆ. ಹೀಗಾಗಿ ಡಬ್ಬಿಯಲ್ಲಿ ಆಯಿಲ್ ಮಟ್ಟ ಸರಿಯಾಗಿಯೇ ಕಾಣುತ್ತಿರಬಹುದು, ಅದನ್ನು ನೋಡಿ ನಂಬಬೇಡಿ.

ಇನ್ನೊಂದು ಸಾಧ್ಯತೆಯಲ್ಲಿ ಗಾಳಿಯೇ ಇಲ್ಲ. ಹೊಸ ಲೈನರ್ ಮತ್ತು ಡ್ರಮ್ ನಡುವಿನ ಸಂದು ಜಾಸ್ತಿ ಉಳಿದಿದೆ, ಆ ಸಂದು ಹೊಂದಿಸುವ ಅಡ್ಜಸ್ಟರ್ ಸರಿಯಾಗಿ ತಿರುಗಿಸಿಲ್ಲ. ಆಗಲೂ ಮೊದಲ ಒತ್ತಿಗೆ ಪೆಡಲ್ ಕೆಳಗೆ, ಎರಡನೆಯದಕ್ಕೆ ಮೇಲೆ. ಇವೆರಡನ್ನು ಬೇರೆ ಮಾಡಿ ನೋಡುವುದು ಸುಲಭ. ಕಾರು ಸಮ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಲವಾಗಿ ಎಳೆಯಿರಿ. ಈಗ ಪೆಡಲ್ ಒತ್ತಿ. ಮೊದಲ ಒತ್ತಿನಲ್ಲೇ ಮೇಲೆ ನಿಂತರೆ ತೊಂದರೆ ಹಿಂದಿನ ಡ್ರಮ್‌ನ ಸಂದಿನಲ್ಲಿದೆ, ಏರ್‌ನಲ್ಲಿ ಅಲ್ಲ. ಹ್ಯಾಂಡ್ ಬ್ರೇಕ್ ಎಳೆದರೂ ಕೆಳಗೇ ಹೋಗಿ, ಕಾಲಿಗೆ ಸ್ಪಂಜಿನ ಹಾಗೆ ಅನಿಸಿದರೆ ಗಾಳಿ ಇದೆ. ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ತಾನೇ ಕೆಳಗೆ ಇಳಿಯುತ್ತಾ ಹೋದರೆ ಅದು ಮೂರನೇ ಕಾಯಿಲೆ. ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ನ ಒಳಗಿನ ರಬ್ಬರ್ ಹೋಗಿದೆ ಅಂತ ಅರ್ಥ. ಅದಕ್ಕೆ ಎಷ್ಟು ಸಲ ಏರ್ ತೆಗೆದರೂ ಪ್ರಯೋಜನವಿಲ್ಲ.

ಸಂದು ಜಾಸ್ತಿ ಇದ್ದರೆ ಡ್ರಮ್ ಬಿಚ್ಚಿ ಅಡ್ಜಸ್ಟರನ್ನೇ ಸರಿಮಾಡಿಸಿ. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡಿ ಪೆಡಲ್ ಮೇಲೆ ತರುವವರು ಇದ್ದಾರೆ. ಅದಕ್ಕೆ ಒಪ್ಪಬೇಡಿ. ಕೇಬಲ್ ಯಾವಾಗಲೂ ಎಳೆದೇ ಇದ್ದರೆ ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ, ಲೈನರ್ ಉಜ್ಜುತ್ತಾ ಡ್ರಮ್ ಕಾಯುತ್ತದೆ.

ನಿಮ್ಮ ಕಾರಿನಲ್ಲಿ ಒಂದು ವಾರ ಸರಿಯಿದ್ದು ಮತ್ತೆ ಕೆಟ್ಟಿದೆ. ಹಾಗಾಗಿ ನನಗೆ ವೀಲ್ ಸಿಲಿಂಡರ್ ಮೇಲೆಯೇ ಅನುಮಾನ. ಹಿಂದಿನ ಎರಡೂ ಡ್ರಮ್ ಬಿಚ್ಚಿಸಿ, ಸಿಲಿಂಡರ್‌ನ ತುದಿಯಲ್ಲಿರುವ ರಬ್ಬರ್ ಟೋಪಿಯನ್ನು ಮೆಲ್ಲಗೆ ಎತ್ತಿ ನೋಡಲು ಹೇಳಿ. ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಬದಲಿಸಿ. ಕಿಟ್ ಹಾಕಿ ರಿಪೇರಿ ಮಾಡಬಹುದು, ಆದರೆ ಹನ್ನೆರಡು ವರ್ಷದ ಹಳೆ ಸಿಲಿಂಡರ್‌ನ ಒಳಮೈಗೆ ತುಕ್ಕು ಹಿಡಿದಿರುತ್ತದೆ. ನಾನಾದರೆ ಹೊಸದೇ ಹಾಕುತ್ತೇನೆ. ಅದೇನೂ ದೊಡ್ಡ ಖರ್ಚಿನ ಸಾಮಾನಲ್ಲ.

ಇಷ್ಟು ಆದ ಮೇಲೆ ಏರ್ ತೆಗೆಯುವುದು. ಭಾವ ಹೇಳಿದ್ದು ತಪ್ಪಲ್ಲ, ನಿಮ್ಮ ಕಾರಿಗೆ ಮನೆಯಲ್ಲೇ ಮಾಡಬಹುದು. ಎಬಿಎಸ್ ಇಲ್ಲದ್ದು ನಿಮಗೆ ಇಲ್ಲಿ ಅನುಕೂಲ. 2019ರ ಏಪ್ರಿಲ್ ನಂತರ ಮಾರಾಟವಾದ ಹೊಸ ಕಾರುಗಳಲ್ಲಿ ಎಬಿಎಸ್ ಕಡ್ಡಾಯ. ಅವುಗಳಲ್ಲೂ ಬರೀ ಆಯಿಲ್ ಬದಲಿಸುವುದನ್ನು ಸಾಮಾನ್ಯವಾಗಿ ಇದೇ ರೀತಿ ಮಾಡಬಹುದು. ಆದರೆ ಎಬಿಎಸ್ ಯೂನಿಟ್ ಒಳಗೆ ಗಾಳಿ ಹೊಕ್ಕರೆ ಹಲವು ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಅದರ ವಾಲ್ವ್ ತೆರೆಸಬೇಕು, ಅದು ಮನೆಯ ಕೆಲಸವಲ್ಲ. ಈ ಉತ್ತರ ಓದುವ ಬೇರೆಯವರು ಇದನ್ನು ಗಮನಿಸಿ.

ಅಪಾಯ ಎರಡು ಕಡೆ ಇದೆ. ಮೊದಲನೆಯದು ಕಾರಿನ ಕೆಳಗೆ. ನಮ್ಮ ಮನೆಗಳ ಮುಂದೆ ಶಹಾಬಾದ್ ಕಲ್ಲು ಹಾಸಿರುತ್ತೇವೆ. ಅದರ ಕೆಳಗೆ ಎಷ್ಟೋ ಕಡೆ ಪೊಳ್ಳು ಇರುತ್ತದೆ. ಜಾಕ್‌ನ ಸಣ್ಣ ಪಾದದ ಮೇಲೆ ಭಾರ ಬಿದ್ದಾಗ ಕಲ್ಲು ಟಪ್ ಅಂತ ಸೀಳುತ್ತದೆ. ನುಣುಪು ಕಲ್ಲಾದರೆ ಜಾಕ್ ಜಾರುತ್ತದೆ. ಅಂಗಳದಲ್ಲಿ ಎರೆ ಮಣ್ಣು ಇದ್ದರೆ ಜಾಕ್ ಒಂದೇ ಸಮ ಹೂತುಕೊಳ್ಳುತ್ತದೆ. ಗಟ್ಟಿ ಕಾಂಕ್ರೀಟ್ ಜಾಗ ಹುಡುಕಿ. ಜಾಕ್ ಕೆಳಗೆ ದಪ್ಪ ಹಲಗೆ ಇಡಿ. ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಕಾರು ಎತ್ತಿದ ಮೇಲೆ ಸ್ಟ್ಯಾಂಡ್ ಹಾಕಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಿದವರ ಕೈ ನಾನು ನೋಡಿದ್ದೇನೆ, ಆದ್ದರಿಂದ ಇದನ್ನು ಬಿಗಿಯಾಗಿಯೇ ಹೇಳುತ್ತಿದ್ದೇನೆ.

ಎರಡನೆಯದು ನಿಪ್ಪಲ್, ಅಂದರೆ ಗಾಳಿ ಹೊರಬಿಡಲು ಪ್ರತಿ ಚಕ್ರದ ಬ್ರೇಕಿನಲ್ಲಿರುವ ಸಣ್ಣ ತಿರುಪು. ಹನ್ನೆರಡು ವರ್ಷದಲ್ಲಿ ಅದು ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ಎರಡು ಬಾಯಿಯ ಸಾದಾ ಪಾನಾ ಹಾಕಿದರೆ ಮೂಲೆ ಸವೆದುಹೋಗುತ್ತದೆ. ಸರಿಯಾದ ಅಳತೆಯ ರಿಂಗ್ ಪಾನಾ ಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ಬರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ನಿಪ್ಪಲ್ ಬುಡಕ್ಕೆ ಮಾತ್ರ ಸ್ವಲ್ಪ ಹಾಕಿ, ಡಿಸ್ಕ್‌ಗೆ, ಲೈನರ್‌ಗೆ ತಾಗಬಾರದು. ಬೆಳಿಗ್ಗೆ ಸಾಧಾರಣ ಬಲಕ್ಕೆ ತಿರುಗದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ನಿಪ್ಪಲ್ ಮುರಿದರೆ ಕಾರು ಅಂಗಳದಲ್ಲೇ ಉಳಿಯುತ್ತದೆ.

ಆಯಿಲ್ ಹೊಸದೇ ತನ್ನಿ. ಎರಡು ವರ್ಷದ ಹಿಂದೆ ಸೀಲ್ ಒಡೆದ ಡಬ್ಬಿ ಇಷ್ಟರಲ್ಲಿ ಸಾಕಷ್ಟು ತೇವ ಹೀರಿರುತ್ತದೆ, ಅದನ್ನು ಬಳಸಬೇಡಿ. ಡಾಟ್ 3 ಬೇಕೋ 4 ಬೇಕೋ ಅಂತ ಕಾರಿನಲ್ಲಿರುವ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. 3 ಬರೆದಿದ್ದರೆ 4 ಹಾಕಬಹುದು. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಹೆಸರು ಹತ್ತಿರ ಇದ್ದರೂ 5.1 ಬೇರೆ, ಅದು ಗ್ಲೈಕಾಲ್ ಜಾತಿಯದೇ. ನಾಲ್ಕೂ ಚಕ್ರದಿಂದ ಹಳೆಯದು ಪೂರ್ತಿ ತೆಗೆಯಲು ಒಂದು ಲೀಟರ್ ಇಟ್ಟುಕೊಳ್ಳಿ. ನೀವು ಕಾರು ಕೊಂಡ ಮೇಲೆ ಬದಲಿಸಿದ ನೆನಪು ಇಲ್ಲದಿದ್ದರೆ ಪೂರ್ತಿ ಬದಲಿಸುವುದೇ ಸರಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬಣ್ಣ ನೋಡಿ ನಿರ್ಧಾರ ಮಾಡಬೇಡಿ. ಕಪ್ಪಾದದ್ದು ಹಳೆಯದು ನಿಜ, ಆದರೆ ತಿಳಿಯಾಗಿ ಕಾಣುವುದರಲ್ಲೂ ನೀರು ಇರಬಹುದು.

ಚಕ್ರದ ಸರದಿ: ಮಾಸ್ಟರ್ ಸಿಲಿಂಡರ್‌ಗೆ ದೂರದ್ದು ಮೊದಲು. ನಮ್ಮ ಕಾರುಗಳಲ್ಲಿ ಸ್ಟೀರಿಂಗ್ ಬಲಕ್ಕೆ. ಹಾಗಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಹಲವು ಕಾರುಗಳಲ್ಲಿ ಒಂದು ಕಡೆಯ ಮುಂದಿನ ಚಕ್ರಕ್ಕೂ ಇನ್ನೊಂದು ಕಡೆಯ ಹಿಂದಿನ ಚಕ್ರಕ್ಕೂ ಸೇರಿಸಿ ಲೈನ್ ಹಂಚಿರುತ್ತದೆ, ಅವಕ್ಕೆ ಕಂಪನಿ ಬೇರೆ ಸರದಿ ಹೇಳಿರಬಹುದು. ಕಾರಿನ ಮ್ಯಾನುಯಲ್‌ನಲ್ಲಿ ಏನಿದೆಯೋ ಅದೇ ಕೊನೆಯ ಮಾತು.

ಎಂಜಿನ್ ಆಫ್ ಇರಲಿ. ಡಬ್ಬಿಯ ಹಳೆ ಆಯಿಲನ್ನು ಸಿರಿಂಜ್‌ನಿಂದ ಎಳೆದು ಹೊಸದು ತುಂಬಿ. ನಿಪ್ಪಲ್‌ಗೆ ಮೊದಲು ರಿಂಗ್ ಪಾನಾ, ಆಮೇಲೆ ಒಳಗೆ ಕಾಣುವಂಥ ಪಾರದರ್ಶಕ ಪೈಪ್ ತೊಡಿಸಿ. ಪೈಪ್ ಮೊದಲು ಒಂದು ಗೇಣು ಮೇಲಕ್ಕೆ ಹೋಗಿ ಆಮೇಲೆ ಕೆಳಗೆ ಬಾಟಲಿಗೆ ಇಳಿಯಲಿ. ಗುಳ್ಳೆ ಮೇಲೇರುತ್ತದೆ, ನಿಮಗೂ ಚೆನ್ನಾಗಿ ಕಾಣುತ್ತದೆ. ಬಾಟಲಿಯಲ್ಲಿ ಪೈಪಿನ ತುದಿ ಆಯಿಲ್‌ನಲ್ಲಿ ಮುಳುಗಿರಬೇಕು.

ಒಬ್ಬರು ಒಳಗೆ, ಒಬ್ಬರು ಚಕ್ರದ ಹತ್ತಿರ. ಒಳಗಿನವರು ಪೆಡಲ್ ನಿಧಾನವಾಗಿ ಎರಡು ಮೂರು ಸಲ ಒತ್ತಿ, ಹಿಡಿದು, ‘ಹಿಡಿದೀನಿ’ ಅನ್ನಬೇಕು. ಹೊರಗಿನವರು ನಿಪ್ಪಲ್ ಕಾಲು ಸುತ್ತು ಬಿಡಬೇಕು. ಆಯಿಲ್ ಬರುತ್ತದೆ, ಪೆಡಲ್ ಇಳಿಯುತ್ತದೆ. ನಿಪ್ಪಲ್ ಮುಚ್ಚಿ ‘ಬಿಡು’ ಅಂದ ಮೇಲೆಯೇ ಒಳಗಿನವರು ಕಾಲು ತೆಗೆಯಬೇಕು. ಇಲ್ಲಿ ಒಂದು ಕ್ಷಣ ಹಿಂದೆ ಮುಂದೆ ಆದರೆ ತೆಗೆದ ಗಾಳಿ ಮತ್ತೆ ಒಳಗೆ. ಅದಕ್ಕೆ ಫೋನ್ ದೂರ ಇಡಿ, ಪಕ್ಕದಲ್ಲಿ ನಿಂತು ಸಲಹೆ ಕೊಡುವವರನ್ನು ಕಳಿಸಿಬಿಡಿ. ಗುಳ್ಳೆ ನಿಂತು, ಹೊಸ ಬಣ್ಣದ ಆಯಿಲ್ ಬರುವ ತನಕ ಮಾಡಿ. ಐದಾರು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬುತ್ತಾ ಇರಿ. ಅದು ಮಿನ್ ಗೆರೆಗಿಂತ ಕೆಳಗೆ ಹೋಗಿ ಖಾಲಿಯಾದರೆ ಮಾಸ್ಟರ್ ಸಿಲಿಂಡರ್‌ಗೇ ಗಾಳಿ, ಎಲ್ಲಾ ಮೊದಲಿಂದ.

ಎಷ್ಟೋ ವಿಡಿಯೋಗಳಲ್ಲಿ ಹೇಳದ ಒಂದು ಮಾತು ಹೇಳುತ್ತೇನೆ. ಪೆಡಲನ್ನು ನೆಲಕ್ಕೆ ತಾಗುವ ತನಕ ಒತ್ತಬೇಡಿ. ದಿನವೂ ಓಡಿಸುವಾಗ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಮೊದಲ ಅರ್ಧದಲ್ಲೇ ಓಡಾಡುತ್ತದೆ. ಅದರಾಚೆಯ ಜಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಪೂರ್ತಿ ಒತ್ತಿದರೆ ರಬ್ಬರ್ ಅದರ ಮೇಲೆ ಹರಿದು ಗೀರಾಗುತ್ತದೆ. ಬಹಳ ವರ್ಷದ ಹಿಂದೆ ನನ್ನ ಕೈಯಲ್ಲೇ ಹೀಗಾಗಿತ್ತು. ಮೆತ್ತಗಿನ ಪೆಡಲ್ ಅಂತ ಬಂದ ಹಳೆ ಕಾರು, ಏರ್ ತೆಗೆದ ಮರುದಿನ ಪೆಡಲ್ ಪೂರ್ತಿ ನೆಲಕ್ಕೆ ಕೂತಿತು. ಮಾಲೀಕರು ಮನೆಯ ಗೇಟಿನಲ್ಲೇ ಗಮನಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟೇ ಈ ಕೆಲಸ ಮಾಡುತ್ತೇನೆ. ನೀವೂ ಇಡಿ. ಕೆಲಸ ಮುಗಿದ ಮೇಲೆ ತೆಗೆಯುವುದನ್ನು ಮರೆಯಬೇಡಿ.

ಎಷ್ಟು ಮಾಡಿದರೂ ಮುಂದಿನ ಚಕ್ರದಿಂದ ಗಾಳಿ ಹೋಗದಿದ್ದರೆ ನಿಪ್ಪಲ್ ಎಲ್ಲಿದೆ ನೋಡಿ. ಅದು ಕ್ಯಾಲಿಪರ್‌ನ ಮೇಲ್ಭಾಗದಲ್ಲಿ ಇರಬೇಕು. ಹಿಂದೆ ಯಾರೋ ಎಡ ಬಲ ಅದಲು ಬದಲು ಹಾಕಿದ್ದರೆ ನಿಪ್ಪಲ್ ಕೆಳಗೆ ಬಂದಿರುತ್ತದೆ, ಗಾಳಿ ಮೇಲೇ ಉಳಿಯುತ್ತದೆ.

ಬ್ರೇಕ್ ಆಯಿಲ್ ಕಾರಿನ ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ತೆಗೆದ ಹಳೆ ಆಯಿಲನ್ನು ನೀರಿನ ಬಾಟಲಿಯಲ್ಲಿ, ಕೂಲ್ ಡ್ರಿಂಕ್ ಬಾಟಲಿಯಲ್ಲಿ ಹಾಗೇ ಇಡಬೇಡಿ. ಅದು ವಿಷ, ಮಕ್ಕಳಿಗೆ ಗೊತ್ತಾಗುವುದಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಅಂದೇ ಯಾವುದಾದರೂ ಗ್ಯಾರೇಜಿಗೆ ಕೊಟ್ಟುಬಿಡಿ. ಚರಂಡಿಗೆ ಸುರಿಯಬೇಡಿ.

ಕೊನೆಗೆ ಪರೀಕ್ಷೆ. ಡಬ್ಬಿಯಲ್ಲಿ ಮ್ಯಾಕ್ಸ್ ಗೆರೆ ತನಕ ಆಯಿಲ್ ಇರಲಿ. ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗಿ ಮೇಲೆ ನಿಲ್ಲಬೇಕು. ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋಗುತ್ತದೆ, ಅದು ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬ ಗುರುತು, ಹೆದರಬೇಡಿ. ಅರ್ಧ ನಿಮಿಷ ಜೋರಾಗಿ ಒತ್ತಿ ಹಿಡಿಯಿರಿ. ಅಷ್ಟರಲ್ಲಿ ಇನ್ನೊಬ್ಬರು ನಾಲ್ಕೂ ನಿಪ್ಪಲ್ ಒದ್ದೆಯಾಗಿದೆಯಾ ನೋಡಲಿ. ಆಮೇಲೆ ಓಣಿಯಲ್ಲೇ ನಡೆಯುವ ವೇಗದಲ್ಲಿ ಹತ್ತು ಸಲ ಬ್ರೇಕ್ ಹಾಕಿ. ರಿಂಗ್ ರೋಡಿಗೆ ಹೋಗುವುದು ಅದರ ನಂತರ.

ಇದೆಲ್ಲ ಜಾಸ್ತಿ ಆಯಿತು ಅನಿಸಿದರೆ ಮಿಸ್ತ್ರಿಯನ್ನು ಮನೆಗೇ ಕರೆಸಿ, ಡ್ರಮ್ ಬಿಚ್ಚಿಸಿ, ಎದುರಲ್ಲೇ ಮಾಡಿಸಿ. ಅದರಲ್ಲಿ ಕಡಿಮೆ ಏನೂ ಇಲ್ಲ. ಆದರೆ ಎರಡು ಸಲ ಒತ್ತಿದರೆ ಹಿಡಿಯುತ್ತೆ ಅಂತ ಈಗಿನ ಸ್ಥಿತಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಹೋಗಿಬರುವುದು ಬೇಡ. ಅಡ್ಡ ಬಂದವರಿಗಾಗಿ ಬ್ರೇಕ್ ಹಾಕುವಾಗ ಎರಡನೇ ಸಲ ಒತ್ತಲು ಸಮಯ ಇರುವುದಿಲ್ಲ.

ಕೆಲಸ ಆದ ಮೇಲೆ ಶ್ರೀಶೈಲಕ್ಕೆ ಹೊರಡುವ ಮೊದಲು ಕನಿಷ್ಠ ಹತ್ತು ದಿನ ಊರಲ್ಲೇ ಓಡಿಸಿ, ಯಾಕೆಂದರೆ ಹೋದ ಸಲ ಒಂದು ವಾರದ ಮೇಲೆಯೇ ತೊಂದರೆ ಮರಳಿತ್ತು. ಘಾಟ್ ಇಳಿಯುವಾಗ ಎರಡನೇ ಗೇರ್‌ನಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ. ವಾಪಸ್ ಬಂದ ಮರುದಿನ ಬೆಳಿಗ್ಗೆ ಡಬ್ಬಿಯ ಮಟ್ಟ ಒಮ್ಮೆ ನೋಡಿ, ಹಿಂದಿನ ಎರಡೂ ಚಕ್ರದ ಒಳಮೈಗೆ ಬೆರಳಾಡಿಸಿ ಒದ್ದೆ ಇದೆಯಾ ಗಮನಿಸಿ. ಇದ್ದರೆ ಯಾವ ಚಕ್ರ ಅಂತ ನನಗೆ ಬರೆಯಿರಿ.